ಬಡಿಸದ ಎಲೆ

ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಒಂದು ಎಲೆ ಜಾಸ್ತಿ ಹಾಕುತ್ತಿದ್ದರು. ಉಳಿದ ಎಲೆಗಳಿಂದ ಒಂದು ಮೊಳ ದೂರ, ಕಂಬದ ಪಕ್ಕ. ಅದಕ್ಕೂ ನೀರು ಚಿಮುಕಿಸಿ ಒರೆಸುತ್ತಿದ್ದರು. ಆದರೆ ಏನೂ ಬಡಿಸುತ್ತಿರಲಿಲ್ಲ. ಕಜ್ಜಾಯ, ವಡೆ, ಪಾಯಸ ಎಲ್ಲ ಉಳಿದ ಎಲೆಗಳಿಗೆ. ಚಿಕ್ಕವಳಾಗಿದ್ದಾಗ "ಇದಕ್ಯಾಕೆ ಬಡಿಸಿಲ್ಲ?" ಅಂತ ಕೇಳಿ ಅಮ್ಮನಿಂದ ಗದರಿಸಿಕೊಂಡಿದ್ದೆ. ಎಲೆ ಹಾಕುತ್ತಿದ್ದವರು ದೊಡ್ಡಜ್ಜಿ, ನಮ್ಮ ತಾತನ ಅಣ್ಣನ ಹೆಂಡತಿ. ಆ ಎಲೆ ಅವರ ಗಂಡನಿಗೆ. ಎಡೆ ಇಟ್ಟರೆ ಸತ್ತರು ಅಂತ ಒಪ್ಪಿಕೊಂಡ ಹಾಗೆ. ಎಲೆಯನ್ನೇ ಹಾಕದಿದ್ದರೆ, ಒಂದು ವೇಳೆ ಸತ್ತಿದ್ದರೆ, ಹಸಿದುಕೊಂಡು ಹೋದ ಹಾಗೆ. ಅದಕ್ಕೆ ಎಲೆ ಮಾತ್ರ.

ದೊಡ್ಡತಾತ ಬೆಂಗಳೂರಿಗೆ ಹೋಗಿ ಮಿಲಿಟರಿಗೆ ಸೇರಿದ್ದರು. 1941ರಲ್ಲಿ ಹಡಗು ಹತ್ತಿ ಮಲಯಾಗೆ ಹೋದರು. ಅಲ್ಲಿಂದ ನಾಲ್ಕೈದು ಕಾಗದ ಬಂದವು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿನವರ ಕೈಸೇರಿತು. ಅಲ್ಲಿಗೆ ಕಾಗದ ನಿಂತಿತು. ಯುದ್ಧ ಮುಗಿದ ಮೇಲೆ ಒಂದು ಕಚೇರಿಯಿಂದ ಪತ್ರ ಬಂತು. "ಸತ್ತಿರಬಹುದೆಂದು ಭಾವಿಸಲಾಗಿದೆ" ಅಂತ ಇಂಗ್ಲಿಷಿನಲ್ಲಿತ್ತು. ಊರಿನ ಮೇಷ್ಟ್ರು ಓದಿ ಹೇಳಿದರು. ದೊಡ್ಡಜ್ಜಿ ಕೇಳಿದ್ದು ಒಂದೇ ಮಾತಂತೆ: "ಭಾವಿಸಿದೋರು ಯಾರು? ಅವರು ಕಣ್ಣಲ್ಲಿ ನೋಡಿದ್ರಾ?"

ಆಮೇಲೆ 40 ವರ್ಷ ಅವರು ಕುಂಕುಮ ಇಟ್ಟುಕೊಂಡೇ ಇದ್ದರು. ತಾಳಿ ತೆಗೆಯಲಿಲ್ಲ. ಆದರೆ ಊರಿನಲ್ಲಿ ಯಾರೂ ಅವರನ್ನು ಅರಿಶಿನ ಕುಂಕುಮಕ್ಕೆ ಕರೆಯುತ್ತಿರಲಿಲ್ಲ. ಮುತ್ತೈದೆ ಅನ್ನಲು ಧೈರ್ಯ ಇಲ್ಲ, ಅಲ್ಲ ಅನ್ನಲು ಬಾಯಿ ಬರುವುದಿಲ್ಲ. ಮದುವೆ ಮನೆಗಳಲ್ಲಿ ಅವರೇ ಮುಂದಾಗಿ ಅಡುಗೆ ಮನೆ ಸೇರಿಕೊಂಡುಬಿಡುತ್ತಿದ್ದರು. ಪಕ್ಕದ ಮನೆಯವರಿಗೆ ಅವರನ್ನು ಬಿಟ್ಟ ಮುಜುಗರ ಆಗಬಾರದಲ್ಲ, ಅದಕ್ಕೆ. ನನಗೆ ಅವರ ವಿಷಯದಲ್ಲಿ ಇವತ್ತಿಗೂ ಹೊಟ್ಟೆ ಉರಿಯುವುದು ಈ ಒಂದು ಕಾರಣಕ್ಕೆ. ಗಂಡ ಸತ್ತ ದುಃಖವನ್ನು ಅಳುವುದಕ್ಕೂ ಅವರಿಗೆ ಯಾರೂ ಅವಕಾಶ ಕೊಡಲಿಲ್ಲ.

ಜಿನೀವಾದ ಕಾರ್ಡುಗಳು

ಕೆಲವು ವರ್ಷಗಳ ಹಿಂದೆ ಮಗಳ ಜೊತೆ ಜಿನೀವಾಗೆ ಹೋಗಿದ್ದೆ. ಅಲ್ಲಿ ರೆಡ್ ಕ್ರಾಸಿನ ಮ್ಯೂಸಿಯಂ ಇದೆ. ಮಳೆ ಬರುತ್ತಿತ್ತು, ಸುಮ್ನೆ ಒಳಗೆ ಹೋದೆವು. ಅಲ್ಲಿ ಒಂದು ಕಡೆ ಗಾಜಿನ ಹಿಂದೆ ಸಾಲು ಸಾಲು ಪೆಟ್ಟಿಗೆಗಳು. ಪೆಟ್ಟಿಗೆ ತುಂಬ ಸಣ್ಣ ಸಣ್ಣ ಕಾರ್ಡು. ಅಂಚು ಸವೆದು ಕಂದು ಬಣ್ಣಕ್ಕೆ ತಿರುಗಿವೆ. ಒಂದೊಂದರ ಮೇಲೆ ಒಬ್ಬ ಸೈನಿಕನ ಹೆಸರು. ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕವರು, ಕಾಣೆಯಾದವರು. ಮಗಳು ಮುಂದೆ ಹೋದಳು. ನಾನು ಅಲ್ಲೇ ನಿಂತುಬಿಟ್ಟೆ. ನಮ್ಮ ಮನೆಗೆ ಬರಬೇಕಾಗಿದ್ದ ಉತ್ತರ ಇಂಥದೊಂದು ಕಾರ್ಡಿನ ಅಳತೆಯದು ಅಂತ ಅಲ್ಲಿ ನಿಂತಾಗ ಗೊತ್ತಾಯಿತು.

ಅಲ್ಲಿಂದ ಬಂದ ಮೇಲೆ ಇದನ್ನು ಓದುವುದೇ ನನಗೊಂದು ಕೆಲಸ ಆಯಿತು. 1914ರ ಆಗಸ್ಟ್ 21ರಂದು, ಯುದ್ಧ ಶುರುವಾಗಿ ಒಂದು ತಿಂಗಳು ಆಗುವ ಮೊದಲೇ, ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ಜಿನೀವಾದಲ್ಲಿ ಯುದ್ಧಕೈದಿಗಳಿಗಾಗಿ ಒಂದು ಕಚೇರಿ ತೆರೆಯಿತು. ಆಗ ಸಮಿತಿಯ ಅಧ್ಯಕ್ಷರು ಗುಸ್ತಾವ್ ಅದೋರ್. ದಿನಕ್ಕೆ ಸಾವಿರಾರು ಕಾಗದ ಬರತೊಡಗಿದವು. ಸಣ್ಣ ಜಾಗ ಸಾಲದೆ ರಾತ್ ಮ್ಯೂಸಿಯಂ ಎಂಬ ಚಿತ್ರಶಾಲೆಗೆ ಹೋದರು. ಚಿತ್ರ ನೋಡುವ ಕೋಣೆಗಳಲ್ಲಿ ಉದ್ದನೆಯ ಮೇಜು ಹಾಕಿ ಜನ ಕೂತರು. ಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿ ಕೈಜೋಡಿಸಿದವರು ಸುಮಾರು 3000. ಹೆಚ್ಚಿನವರು ಹೆಂಗಸರು. ಗಾಂಧೀಜಿ, ರಾಮಕೃಷ್ಣ ಪರಮಹಂಸರ ಬಗ್ಗೆ ಬರೆದು ನಮ್ಮವರಿಗೆಲ್ಲ ಪರಿಚಯವಾದ ಫ್ರೆಂಚ್ ಲೇಖಕ ರೊಮೇ ರೊಲಾ ಕೂಡ 1914ರ ಅಕ್ಟೋಬರಿನಿಂದ ತಿಂಗಳುಗಟ್ಟಲೆ ಅಲ್ಲಿ ಕೂತು, ಕಳೆದುಹೋದ ಸಾಮಾನ್ಯ ಜನರ ಬಗ್ಗೆ ಬಂದ ಕಾಗದಗಳಿಗೆ ಉತ್ತರ ಬರೆದರು.

ಕೆಲಸ ನಡೆಯುತ್ತಿದ್ದ ರೀತಿ ಹೇಳುತ್ತೇನೆ. ಫ್ರಾನ್ಸಿನ ಒಬ್ಬ ತಾಯಿ ಬರೆಯುತ್ತಾಳೆ: ನನ್ನ ಮಗ ಇಂಥವನು, ಇಂಥ ರೆಜಿಮೆಂಟು, ಇಂಥ ದಿನದಿಂದ ಕಾಗದ ಇಲ್ಲ. ಆ ಕಾಗದದಿಂದ ಒಂದು ಕಾರ್ಡು ತಯಾರಾಗುತ್ತದೆ. ಅದು ಅಕ್ಷರದ ಪ್ರಕಾರ ಪೆಟ್ಟಿಗೆಯೊಳಗೆ ಹೋಗುತ್ತದೆ. ಆ ಕಡೆ ಜರ್ಮನಿಯಿಂದ ಕೈದಿಗಳ ಪಟ್ಟಿ ಬರುತ್ತದೆ. ಪಟ್ಟಿಯ ಒಂದೊಂದು ಹೆಸರಿಗೂ ಒಂದೊಂದು ಕಾರ್ಡು. ಅದೂ ಅದೇ ಪೆಟ್ಟಿಗೆಗೆ ಹೋಗುತ್ತದೆ. ಒಂದು ದಿನ ಎರಡೂ ಕಾರ್ಡು ಬೆನ್ನಿಗೆ ಬೆನ್ನು ತಾಗಿಸಿ ನಿಲ್ಲುತ್ತವೆ. ಪೆಟ್ಟಿಗೆ ನೋಡುತ್ತಿದ್ದ ಹೆಣ್ಣುಮಗಳು ಎರಡನ್ನೂ ಹೊರಗೆ ತೆಗೆಯುತ್ತಾಳೆ. ಮನೆಗೆ ಕಾಗದ ಹೋಗುತ್ತದೆ: ಬದುಕಿದ್ದಾನೆ, ಇಂಥ ಶಿಬಿರದಲ್ಲಿದ್ದಾನೆ. ಕೆಲವು ಸಲ ಇನ್ನೊಂದು ಥರದ ಕಾಗದ. ಆದರೆ ಅದೂ ಉತ್ತರವೇ.

ಆ ಯುದ್ಧದ ಉದ್ದಕ್ಕೂ ಈ ಕಚೇರಿ ಸುಮಾರು 2 ಕೋಟಿ ಕಾಗದ ಮತ್ತು ಸಂದೇಶ ಸಾಗಿಸಿತು. ಹತ್ತಿರ ಹತ್ತಿರ 20 ಲಕ್ಷ ಪಾರ್ಸೆಲ್ ತಲುಪಿಸಿತು. 1917ರಲ್ಲಿ ಸಮಿತಿಗೆ ಶಾಂತಿ ನೊಬೆಲ್ ಬಂತು. ನನ್ನ ಮನಸ್ಸು ಮಾತ್ರ ಆ ಪೆಟ್ಟಿಗೆಯ ಮುಂದೆ ಕೂತ ಹೆಣ್ಣುಮಗಳ ಬಳಿಯೇ ಇದೆ. ಯಾರದೋ ದೇಶದ, ಯಾರದೋ ಮಗನ ಹೆಸರನ್ನು ಒಂದಕ್ಷರ ತಪ್ಪದ ಹಾಗೆ ಬರೆಯಬೇಕು. ಒಂದೇ ಹೆಸರಿನವರು ನೂರಾರು. ಒಂದಕ್ಷರ ಆಚೀಚೆ ಆದರೆ ಕಾರ್ಡು ಬೇರೆ ಪೆಟ್ಟಿಗೆಗೆ ಹೋಗುತ್ತದೆ. ಎಲ್ಲೋ ಒಬ್ಬ ದೊಡ್ಡಜ್ಜಿ ಕಾಯುತ್ತಲೇ ಉಳಿಯುತ್ತಾಳೆ.

ದೊಡ್ಡಜ್ಜಿ ಗಂಡನ ಹೆಸರು ಹೇಳುತ್ತಿರಲಿಲ್ಲ. ಆ ಕಾಲದವರು ಯಾರೂ ಹೇಳುತ್ತಿರಲಿಲ್ಲ. "ಅವರು" ಅಷ್ಟೆ. ಮೇಷ್ಟ್ರು ಅವರ ಪರವಾಗಿ ಮಿಲಿಟರಿಯವರಿಗೆ ಕಾಗದ ಬರೆಯುವಾಗಲೆಲ್ಲ ನಮ್ಮ ತಾತ ಪಕ್ಕದಲ್ಲಿ ಕೂತು ಅಣ್ಣನ ಹೆಸರು ಹೇಳಬೇಕಿತ್ತಂತೆ. ಹೆಸರು, ತಂದೆಯ ಹೆಸರು, ಊರು, ನಂಬರು. ದೊಡ್ಡಜ್ಜಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. "ನಂಬರು ಸರಿಯಾಗಿ ಬರ್ಕೊಂಡ್ರಾ ಕೇಳು" ಅಂತ ಮೈದುನನಿಗೆ ಹೇಳುತ್ತಿದ್ದರು. ಓದು ಬರಹ ಬಾರದ ಅವರಿಗೆ ಆ ನಂಬರು ಬಾಯಿಪಾಠ ಆಗಿತ್ತು. ನನಗೂ ಒಮ್ಮೆ ಹೇಳಿದ್ದರು. ಬರೆದಿಟ್ಟುಕೊಳ್ಳಲಿಲ್ಲವಲ್ಲ ಅಂತ ಈಗ ಸಂಕಟ ಆಗುತ್ತದೆ.

ದಡದಲ್ಲಿ ನಿಂತವರು

ತಟಸ್ಥ ಅಂದರೆ ತಟದಲ್ಲಿ, ದಡದಲ್ಲಿ ನಿಂತವನು. ನಾವು ಆ ಪದವನ್ನು "ತನಗೇನೂ ಸಂಬಂಧ ಇಲ್ಲ ಅನ್ನುವವನು" ಅನ್ನುವ ಅರ್ಥಕ್ಕೆ ಇಳಿಸಿಕೊಂಡಿದ್ದೇವೆ. ನೀರಿಗೆ ಬಿದ್ದ ಇಬ್ಬರು ಒಬ್ಬರನ್ನೊಬ್ಬರು ಮುಳುಗಿಸುತ್ತಿರುವಾಗ ಹಗ್ಗ ಎಸೆಯಲು ದಡದಲ್ಲಿ ಒಬ್ಬ ಬೇಕು, ಅಲ್ವಾ? ಫ್ರಾನ್ಸಿನಿಂದ ಜರ್ಮನಿಗೆ ನೇರ ಅಂಚೆ ಇಲ್ಲ. ಶತ್ರು ಕೊಟ್ಟ ಪಟ್ಟಿಯನ್ನು ಶತ್ರು ನಂಬುವುದಿಲ್ಲ. ನಡುವೆ ಇರುವ ಒಂದು ಊರಿಗೆ ಮಾತ್ರ ಇಬ್ಬರ ಕಾಗದವೂ ಬರಬಹುದಿತ್ತು.

1916ರ ಜನವರಿಯಿಂದ ಸ್ವಿಟ್ಜರ್ಲೆಂಡ್ ಇನ್ನೊಂದು ಕೆಲಸಕ್ಕೂ ಕೈಹಾಕಿತು. ಕಾಯಿಲೆ ಬಿದ್ದ, ಗಾಯಗೊಂಡ ಕೈದಿಗಳನ್ನು ಎರಡೂ ಕಡೆಯಿಂದ ತನ್ನಲ್ಲಿಗೇ ಕರೆಸಿಕೊಂಡಿತು. ಮೊದಲು ಬಂದವರು ಕ್ಷಯ ಹಿಡಿದಿದ್ದ ಫ್ರೆಂಚರು ಮತ್ತು ಜರ್ಮನರು. ದಾವೋಸ್, ಲೇಸಾ ಥರದ ಬೆಟ್ಟದ ಊರುಗಳು ಕ್ಷಯದ ಆರೈಕೆಗೆ ಮೊದಲೇ ಹೆಸರುವಾಸಿ. ಯುದ್ಧದಿಂದ ಪ್ರವಾಸಿಗಳು ಬರುವುದು ನಿಂತು ಹೋಟೆಲುಗಳು ಖಾಲಿ ಬಿದ್ದಿದ್ದವು. ಅವುಗಳಲ್ಲಿ ಕೈದಿಗಳನ್ನು ಇಟ್ಟರು. ಖರ್ಚನ್ನು ಅವರವರ ಸರ್ಕಾರ ಕೊಡುತ್ತಿತ್ತು. ಯುದ್ಧ ಮುಗಿಯುವವರೆಗೆ ಹೀಗೆ ಬಂದು ಉಳಿದವರು ಸುಮಾರು 68,000. ಹೋಟೆಲಿನವರಿಗೂ ಇದರಿಂದ ಜೀವ ಬಂತು ಅನ್ನುವುದು ನಿಜ. ಕೆಲವರು ಇದನ್ನು ಆಕ್ಷೇಪದ ಹಾಗೆ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮುಳ್ಳುತಂತಿಯ ಆಚೆಯಿಂದ ಬಂದ ಕ್ಷಯರೋಗಿಗೆ ಹಾಸಿಗೆ ಕೊಟ್ಟವನು ಅದರಿಂದ ತಾನೂ ಊಟ ಮಾಡಿದರೆ ತಪ್ಪೇನು?

1916ರ ಮೇ ಕೊನೆಯಲ್ಲಿ ಬ್ರಿಟಿಷ್ ಕೈದಿಗಳ ಮೊದಲ ತಂಡ ಶಾಟೋ ಡೇ ಎಂಬ ಬೆಟ್ಟದ ಊರಿಗೆ ಬಂತು. ದಾರಿಯ ಸ್ಟೇಷನ್ನುಗಳಲ್ಲಿ ಬೆಳಗಿನ ಜಾವದಲ್ಲೇ ಜನ ಸೇರಿದ್ದರು. ಹೂವು ಕೊಟ್ಟರು, ತಿನ್ನಲು ಕೊಟ್ಟರು. ಸೈನಿಕರು ಮಕ್ಕಳ ಹಾಗೆ ಅತ್ತರು ಅಂತ ನೋಡಿದವರು ಬರೆದಿಟ್ಟಿದ್ದಾರೆ. ಸುಮಾರು ಎರಡು ವರ್ಷ ಅವರು ತಮ್ಮ ಮೇಲೆ ಕೂಗಾಡುವವರನ್ನೇ ನೋಡಿದ್ದರು. ಪರಿಚಯವೇ ಇಲ್ಲದ ಜನ ತಮಗಾಗಿ ನಿದ್ದೆಗೆಟ್ಟು ಬಂದು ನಿಂತಿದ್ದನ್ನು ತಡೆದುಕೊಳ್ಳಲು ಆಗಲಿಲ್ಲ.

ಬಳ್ಳಾರಿಗೆ ಬಂದವರು

ಇದೆಲ್ಲ ಎಲ್ಲೋ ಯುರೋಪಿನ ಕಥೆ ಅಂದುಕೊಂಡಿದ್ದೆ. 2014ರಲ್ಲಿ ಆ ಹಳೆಯ ಕಾರ್ಡುಗಳನ್ನು ರೆಡ್ ಕ್ರಾಸ್ ಇಂಟರ್ನೆಟ್ಟಿಗೆ ಹಾಕಿತು. ಶಿಬಿರಗಳಿಗೆ ಭೇಟಿ ಕೊಟ್ಟ ವರದಿಗಳೂ ಅದರಲ್ಲಿವೆ. 1917ರಲ್ಲಿ ಜಿನೀವಾದಿಂದ ಮೂವರು ಪ್ರತಿನಿಧಿಗಳು ಭಾರತಕ್ಕೆ ಬಂದಿದ್ದರು. ಬ್ರಿಟಿಷರ ಕೈಯಲ್ಲಿದ್ದ ಕೈದಿಗಳನ್ನು ನೋಡುವುದು ಅವರ ಕೆಲಸ. ಅವರು ಹೋದ ಜಾಗಗಳಲ್ಲಿ ಅಹಮದ್‌ನಗರ ಇದೆ. ನಮ್ಮ ಬಳ್ಳಾರಿ, ಬೆಳಗಾವಿ ಕೂಡ ಇವೆ. ಬಳ್ಳಾರಿಯಲ್ಲಿ ತುರ್ಕಿ ಕೈದಿಗಳಿದ್ದರು. ಬೆಳಗಾವಿಯಲ್ಲಿ ಜರ್ಮನ್ ಹೆಂಗಸರು, ಮಕ್ಕಳು.

ಮಂಗಳೂರು, ಧಾರವಾಡದ ಕಡೆಯವರಿಗೆ ಇದರ ಹಿಂದಿನ ಕಥೆ ಗೊತ್ತಿರುತ್ತದೆ. ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನ ಸಂಸ್ಥೆ, ಆದರೆ ಅದರ ಪಾದ್ರಿಗಳಲ್ಲಿ ಬಹಳಷ್ಟು ಜನ ಜರ್ಮನರು. ಕನ್ನಡದಲ್ಲಿ ಪತ್ರಿಕೆ ತಂದ, ಶಾಲೆ ಕಟ್ಟಿದ, ಹೆಂಚು ಸುಟ್ಟ ಜನರ ಮುಂದಿನ ತಲೆಮಾರು ಯುದ್ಧ ಶುರುವಾದದ್ದೇ ಶತ್ರುಗಳಾಗಿಬಿಟ್ಟಿತು. ಗಂಡಸರನ್ನು ಅಹಮದ್‌ನಗರಕ್ಕೆ ಸಾಗಿಸಿದರು. ಆಮೇಲೆ ಹಲವರನ್ನು ಸಂಸಾರ ಸಮೇತ ಗೋಲ್ಕೊಂಡ ಎಂಬ ಹಡಗಿನಲ್ಲಿ ವಾಪಸು ಕಳಿಸಿದರು. ಬಾಸೆಲ್ ಅನ್ನುವ ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಎರಡನೇ ಯುದ್ಧದಲ್ಲಿ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಬೆಂಗಳೂರಿಗೆ ತಂದರು. ಜಾಲಹಳ್ಳಿ ಕಡೆಯ ಹಳಬರ ಮನೆಗಳಲ್ಲಿ ಇವತ್ತಿಗೂ ಆ ಮಾತು ಬರುತ್ತದೆ. ಅಷ್ಟರಲ್ಲಿ ಯುದ್ಧಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವ 1929ರ ಜಿನೀವಾ ಒಪ್ಪಂದ ಬಂದಿತ್ತು. ಶಿಬಿರ ಸೇರಿದ ಒಂದು ವಾರದೊಳಗೆ ಕೈದಿಗೆ ಮನೆಗೊಂದು ಕಾರ್ಡು ಬರೆಯಲು ಬಿಡಬೇಕು ಅಂತ ಅದರಲ್ಲಿತ್ತು. ಕೈದಿಗಳ ಅಂಚೆಗೆ ಸ್ಟಾಂಪು ಬೇಡ. ಬೆಂಗಳೂರಿನ ಬಿಸಿಲಲ್ಲಿ ಕೂತ ಹುಡುಗನ ಸುದ್ದಿ ಇಟಲಿಯ ಯಾವುದೋ ಹಳ್ಳಿಯ ತಾಯಿಗೆ ತಲುಪುತ್ತಿತ್ತು. ತಡವಾಗಿ, ಸೆನ್ಸಾರಿನ ಮಸಿ ಬಳಿಸಿಕೊಂಡು. ಆದರೂ ತಲುಪುತ್ತಿತ್ತು. ಅದೇ ಬೆಂಗಳೂರಿನಿಂದ ಹೋದ ನಮ್ಮ ದೊಡ್ಡತಾತನ ಸುದ್ದಿ ನಮ್ಮೂರಿಗೆ ಬರಲಿಲ್ಲ. ಇಟಲಿಯ ತಾಯಂದಿರ ಮೇಲೆ ನನಗೆ ಅಸೂಯೆ ಇಲ್ಲ. ಇಂಥದ್ದು ಸಾಧ್ಯ ಇತ್ತು ಅನ್ನುವುದು ಗೊತ್ತಾದ ಮೇಲೆ ನೋವು ಜಾಸ್ತಿಯಾಗಿದೆ, ಅಷ್ಟೆ.

ತುಪ್ಪದ ಡಬ್ಬಿ, ಬೆಟ್ಟದ ದಾರಿ

ಜರ್ಮನಿಯ ಕೈಗೆ ಸಿಕ್ಕ ಭಾರತೀಯ ಸೈನಿಕರ ಕಥೆಯೇ ಬೇರೆ. ಉತ್ತರ ಆಫ್ರಿಕಾದಲ್ಲಿ ಸೆರೆಯಾದ ಸಾವಿರಾರು ಜನ ಇಟಲಿಗೆ, ಅಲ್ಲಿಂದ ಜರ್ಮನಿ, ಫ್ರಾನ್ಸಿನ ಶಿಬಿರಗಳಿಗೆ ಹೋದರು. ಅವರಿಗಾಗಿ ಲಂಡನ್ನಿನಲ್ಲಿ ಇಂಡಿಯನ್ ಕಂಫರ್ಟ್ಸ್ ಫಂಡ್ ಎಂಬ ಸಂಸ್ಥೆ ಪಾರ್ಸೆಲ್ ಕಟ್ಟುತ್ತಿತ್ತು. ಗೋಧಿ ಹಿಟ್ಟು, ಬೇಳೆ, ಅಕ್ಕಿ, ತುಪ್ಪ, ಸಾಂಬಾರ ಪುಡಿ. ಪೋರ್ಚುಗಲ್ಲಿನ ಲಿಸ್ಬನ್ನಿಗೆ ಬಂದ ಪಾರ್ಸೆಲ್‌ಗಳನ್ನು ರೆಡ್ ಕ್ರಾಸ್ ಗುರುತು ಬಳಿದ ಹಡಗುಗಳು ಫ್ರಾನ್ಸಿನ ಮಾರ್ಸೇ ಬಂದರಿಗೆ ತರುತ್ತಿದ್ದವು. ಅಲ್ಲಿಂದ ರೈಲಿನಲ್ಲಿ ಜಿನೀವಾದ ಗೋದಾಮಿಗೆ, ಅಲ್ಲಿಂದ ಶಿಬಿರಗಳಿಗೆ. ಶಿಬಿರದಲ್ಲಿ ಕೈದಿಗಳೇ ಆರಿಸಿದ ಒಬ್ಬ ಪ್ರತಿನಿಧಿ ಎಣಿಸಿ ರಸೀದಿಗೆ ಸಹಿ ಹಾಕಬೇಕು. ಆ ರಸೀದಿ ಜಿನೀವಾಗೆ ವಾಪಸು ಬರಬೇಕು. ಅಷ್ಟು ದೊಡ್ಡ ಯುದ್ಧದ ನಡುವೆ ಒಂದು ತುಪ್ಪದ ಡಬ್ಬಿಗೆ ಲೆಕ್ಕ ಇಟ್ಟಿದ್ದರು. ಅದನ್ನು ಓದುವಾಗ ನನಗೆ ಕಣ್ಣು ತುಂಬಿತು.

1944ರ ಮೇ 11ರಂದು ಫ್ರಾನ್ಸಿನ ಎಪಿನಾಲ್ ಊರಿನ ಮೇಲೆ ಅಮೆರಿಕದ ವಿಮಾನಗಳು ಬಾಂಬು ಹಾಕಿದವು. ಗುರಿ ರೈಲು ನಿಲ್ದಾಣ. ಬಾಂಬು ಭಾರತೀಯ ಕೈದಿಗಳ ಶಿಬಿರದ ಮೇಲೂ ಬಿತ್ತು. ಹಲವರು ಅಲ್ಲೇ ಸತ್ತರು. ಗೋಡೆ ಒಡೆಯಿತು, ಉಳಿದವರು ಓಡಿದರು. ಭಾಷೆ ಬಾರದು, ಮುಖ ಮರೆಸಲಾಗದು, ನಕ್ಷೆ ಇಲ್ಲ. ರಾತ್ರಿ ಹೊತ್ತು ನಡೆದು, ಹಗಲು ಕಾಡಿನಲ್ಲಿ ಮಲಗಿ ಸ್ವಿಟ್ಜರ್ಲೆಂಡಿನ ಗಡಿ ಕಡೆಗೆ ಹೊರಟರು. ಹಳ್ಳಿಯ ಫ್ರೆಂಚರು ಹಾಲು, ರೊಟ್ಟಿ ಕೊಟ್ಟರು, ಹುಲ್ಲಿನ ಅಟ್ಟದಲ್ಲಿ ಮಲಗಿಸಿದರು. ಸಿಕ್ಕಿಬಿದ್ದರೆ ಮನೆಮಂದಿಗೆಲ್ಲ ಗುಂಡು ಅಂತ ಗೊತ್ತಿದ್ದೂ ಕೊಟ್ಟರು. ಹೀಗೆ ಸುಮಾರು 500 ಜನ ಗಡಿ ದಾಟಿದರು. ಅವರ ಮನೆಗಳಿಗೆ ಆ ಸುದ್ದಿ ಮುಟ್ಟಿದ ದಿನ ಹೇಗಿತ್ತೋ. ಅಂಥ ಒಂದು ದಿನವನ್ನು ದೊಡ್ಡಜ್ಜಿಗಾಗಿ ನಾನು ಎಷ್ಟೋ ಸಲ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದೇನೆ. ಪೋಸ್ಟ್‌ಮನ್ ಸೈಕಲ್ಲಿನಿಂದ ಇಳಿದು ಓಡಿ ಬರುವುದು, ತಾತ ಹೊಲದಿಂದ ಬರುವುದು, ದೊಡ್ಡಜ್ಜಿ ಬಾಗಿಲ ಹಿಂದೆ ನಿಂತಿರುವುದು.

ಹೆಸರು ಕೇಳಿದ ತಪ್ಪಿಗೆ

ಹಗ್ಗ ಎಲ್ಲ ಕಡೆಗೂ ಮುಟ್ಟಲಿಲ್ಲ. ಸೋವಿಯತ್ ದೇಶ 1929ರ ಒಪ್ಪಂದಕ್ಕೆ ಸೇರಿರಲಿಲ್ಲ. ಜರ್ಮನಿ ಅದನ್ನೇ ನೆಪ ಮಾಡಿಕೊಂಡಿತು. ಅದರ ಕೈಯಲ್ಲಿದ್ದ 30 ಲಕ್ಷಕ್ಕೂ ಹೆಚ್ಚು ಸೋವಿಯತ್ ಕೈದಿಗಳು ಹಸಿವು, ಚಳಿ, ಗುಂಡಿಗೆ ಸತ್ತರು. ಪಕ್ಕದ ಬೇಲಿಯೊಳಗಿನ ಬ್ರಿಟಿಷರಿಗೆ ಪಾರ್ಸೆಲ್ ಬರುತ್ತಿತ್ತು, ಇವರಿಗೆ ಇಲ್ಲ. 1942ರ ಅಕ್ಟೋಬರ್ 14ರಂದು ರೆಡ್ ಕ್ರಾಸ್ ಸಮಿತಿ ಜಿನೀವಾದಲ್ಲಿ ಕೂತು, ಜರ್ಮನಿ ಯಹೂದಿಗಳನ್ನು ಶಿಬಿರಗಳಿಗೆ ಸಾಗಿಸುತ್ತಿದ್ದ ಬಗ್ಗೆ ಬಹಿರಂಗವಾಗಿ ಮಾತಾಡಬೇಕೇ ಅಂತ ಚರ್ಚಿಸಿ, ಬೇಡ ಅಂತ ತೀರ್ಮಾನಿಸಿತು. ಮಾತಾಡಿದರೆ ಕೈದಿಗಳ ಕೆಲಸಕ್ಕೆ ಅಡ್ಡಿಯಾಗುತ್ತದೆ ಅನ್ನುವ ಭಯ ಇತ್ತು. ಆ ಕಾರ್ಡುಗಳ ಮೇಲೆ ನನಗೆ ಎಷ್ಟೇ ಪ್ರೀತಿ ಇದ್ದರೂ ಆ ದಿನದ ಮೌನವನ್ನು ಒಪ್ಪಿಕೊಳ್ಳಲು ಆಗುವುದಿಲ್ಲ. ಸಮಿತಿಯೇ ಆಮೇಲೆ ಅದನ್ನು ತನ್ನ ಸೋಲು ಅಂತ ಒಪ್ಪಿಕೊಂಡಿದೆ.

ಜಪಾನ್ ಆ ಒಪ್ಪಂದಕ್ಕೆ ಸಹಿ ಹಾಕಿತ್ತು, ಆದರೆ ಅನುಮೋದಿಸಿರಲಿಲ್ಲ. ಶಿಬಿರಗಳಿಗೆ ಹೋಗಲು ಪ್ರತಿನಿಧಿಗಳನ್ನು ಬಹುತೇಕ ಬಿಡಲಿಲ್ಲ. ಹೆಸರಿನ ಪಟ್ಟಿ ಸರಿಯಾಗಿ ಬರಲೇ ಇಲ್ಲ. ಜಪಾನಿನವರು ಹಿಡಿದಿದ್ದ ಬೋರ್ನಿಯೋ ದ್ವೀಪದಲ್ಲಿ ಮಾಥೇಯಸ್ ಫಿಶರ್ ಅಂತ ಒಬ್ಬ ಸ್ವಿಸ್ ಡಾಕ್ಟರ್ ಇದ್ದರು. ಬಾಸೆಲ್ ಮಿಷನ್ನಿನ ಡಾಕ್ಟರ್. ಹೌದು, ನಮ್ಮ ಮಂಗಳೂರಿನ ಅದೇ ಬಾಸೆಲ್ ಮಿಷನ್. ಅವರನ್ನು ರೆಡ್ ಕ್ರಾಸ್ ಅಲ್ಲಿನ ತನ್ನ ಪ್ರತಿನಿಧಿಯಾಗಿ ನೇಮಿಸಿತ್ತು. ಜಪಾನಿನವರು ಒಪ್ಪಲಿಲ್ಲ. 1943ರಲ್ಲಿ ಅವರನ್ನೂ ಅವರ ಹೆಂಡತಿಯನ್ನೂ ಹಿಡಿದರು. ಡಿಸೆಂಬರಿನಲ್ಲಿ ಇಬ್ಬರನ್ನೂ ಕೊಂದರು. ಹೊರಿಸಿದ ಆರೋಪಗಳಲ್ಲಿ ಒಂದು ಇದು: ಕೈದಿಗಳ ಹೆಸರು, ವಯಸ್ಸು ತಿಳಿದುಕೊಳ್ಳಲು ನೋಡಿದರು, ಅವರಿಗೆ ಊಟ ಕಳಿಸಲು ನೋಡಿದರು.

ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಹೆಸರು ಕೇಳುವುದೇ ಅಪರಾಧವಾಗಿದ್ದ ಆ ಕಡಲಿನ ಆಚೆ ಎಲ್ಲೋ ದೊಡ್ಡತಾತ ಇದ್ದರು. ಅವರ ಹೆಸರನ್ನು ಕೇಳುವವರು ಒಬ್ಬರೂ ಇರಲಿಲ್ಲ ಅಂದುಕೊಂಡಿದ್ದೆ. ಅವರಂಥವರ ಹೆಸರು ಕೇಳಿದ್ದಕ್ಕೆ ಒಂದು ಗಂಡ ಹೆಂಡತಿ ಜೀವ ಕೊಟ್ಟಿದ್ದಾರೆ. ದೊಡ್ಡಜ್ಜಿಗೆ ಇದನ್ನು ಹೇಳಬೇಕಿತ್ತು. ಅವರಿಗೆ ಅದರಿಂದ ಸಮಾಧಾನ ಆಗುತ್ತಿತ್ತೋ, ಸಂಕಟ ಆಗುತ್ತಿತ್ತೋ. ಆದರೂ ಹೇಳಬೇಕಿತ್ತು.

ದೊಡ್ಡಜ್ಜಿ ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ಕುಂಕುಮ ಇಟ್ಟೇ ಕಳಿಸಬೇಕು ಅಂತ ಅಮ್ಮ ಹಟ ಹಿಡಿದರು. ಹಿರಿಯರು ಏನೋ ಗೊಣಗಿದರು, ಅಮ್ಮ ಕೇಳಲಿಲ್ಲ. ಹಣೆ ತುಂಬ ಇಟ್ಟರು. ಅದುವರೆಗೆ ಒಂದು ಸಲವೂ ಅರಿಶಿನ ಕುಂಕುಮಕ್ಕೆ ಕರೆಯದಿದ್ದ ಪಕ್ಕದ ಮನೆಯಾಕೆ ಬಂದು ಮುಡಿಗೆ ಹೂವು ಮುಡಿಸಿ ಬಿಕ್ಕಿ ಬಿಕ್ಕಿ ಅತ್ತರು.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಅಮ್ಮನೇ ಎಲೆ ಹಾಕಿದರು. ದೊಡ್ಡಜ್ಜಿಯ ಎಲೆಯನ್ನು ಕಂಬದ ಹತ್ತಿರ, ಆ ಇನ್ನೊಂದು ಎಲೆಯ ಪಕ್ಕದಲ್ಲೇ ಹಾಕಿದರು. ಎಲ್ಲರ ಎಲೆಗೂ ಬಡಿಸುತ್ತಾ ಬಂದರು. ದೊಡ್ಡಜ್ಜಿಯ ಎಲೆಗೆ ಬಡಿಸಿದ ಮೇಲೆ ಸ್ವಲ್ಪ ಹೊತ್ತು ಸೌಟು ಹಿಡಿದುಕೊಂಡು ಸುಮ್ನೆ ನಿಂತರು. ಆಮೇಲೆ ತಾತನ ಮುಖ ನೋಡಿದರು. ತಾತ ಅಣ್ಣನ ಹೆಸರನ್ನು ಗಟ್ಟಿಯಾಗಿ ಹೇಳಿದರು, ತಂದೆಯ ಹೆಸರು, ಊರು, ನಂಬರು ಸಮೇತ. ಅಮ್ಮ ಆ ಎಲೆಗೂ ಬಡಿಸಿದರು.